ರ‍್ಯಾಮ್ ಬೆಲೆಯ ಕಾಗದಪತ್ರ ತೆರೆಸಿ ನೋಡಿ: ಸ್ಪರ್ಧಾ ಆಯೋಗಕ್ಕೆ ಗೋಣಿಕೊಪ್ಪಲಿನಿಂದ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಭಾರತೀಯ ಸ್ಪರ್ಧಾ ಆಯೋಗ,
ನವದೆಹಲಿ.

ವಿಷಯ: ಕಂಪ್ಯೂಟರ್ ಮೆಮೊರಿ ಚಿಪ್‌ಗಳ ಬೆಲೆ ಏರಿಕೆಯ ಬಗ್ಗೆ ಆಯೋಗವೇ ಮುಂದಾಗಿ ವಿಚಾರಿಸಬೇಕೆಂದು ಮನವಿ.

ಮಾನ್ಯರೇ,

ನಾನು ದಕ್ಷಿಣ ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅಂಗಡಿ ಚಿಕ್ಕದು. ತೋಟದ ರೈಟರ್‌ಗಳು, ಹೋಂಸ್ಟೇ ನಡೆಸುವವರು, ಪಹಣಿ ಪ್ರಿಂಟ್ ತೆಗೆದುಕೊಡುವ ಝೆರಾಕ್ಸ್ ಅಂಗಡಿಯವರು, ಪೊನ್ನಂಪೇಟೆ, ವಿರಾಜಪೇಟೆ ಕಡೆಯ ಕಾಲೇಜು ಮಕ್ಕಳು ಬರುತ್ತಾರೆ. ಹೊಸ ಕಂಪ್ಯೂಟರ್ ಕೇಳುವವರು ಕಡಿಮೆ. ಇರುವುದನ್ನೇ ಇನ್ನೆರಡು ವರ್ಷ ಓಡುವ ಹಾಗೆ ಮಾಡಿಕೊಡಿ ಅನ್ನುವವರೇ ಜಾಸ್ತಿ. ಹಳೇ ಯಂತ್ರ ಓಡಿಸಲು ಇದ್ದ ಅಗ್ಗದ ದಾರಿ ಒಂದು ರ‍್ಯಾಮ್ ಕಾರ್ಡ್, ಅಂದರೆ ಮೆಮೊರಿ ಚಿಪ್ ಕೂರಿಸಿದ ಸಣ್ಣ ಹಲಗೆ, ಸೇರಿಸುವುದು. ಆ ದಾರಿ ಈಗ ಮುಚ್ಚಿಹೋಗಿದೆ. ಅದಕ್ಕೇ ಈ ಪತ್ರ.

ನಮ್ಮ ಕಡೆ ರ‍್ಯಾಮ್ ಕೈಕೊಡುವುದೂ ಹೆಚ್ಚು. ಮಳೆಗಾಲದಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ. ಕಾರ್ಡಿನ ಅಂಚಿನಲ್ಲಿರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪದರ ಕೂರುತ್ತದೆ, ಸ್ಲಾಟಿನೊಳಗೆ ಹಸಿರು ಕಿಲುಬು ಹಿಡಿಯುತ್ತದೆ. ಆನ್ ಮಾಡಿದರೆ ಬೀಪ್ ಶಬ್ದ ಮಾತ್ರ, ಪರದೆ ಕಪ್ಪು. ಶಾಲೆ ಮಕ್ಕಳ ರಬ್ಬರ್ ತೆಗೆದುಕೊಂಡು ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಸ್ಲಾಟನ್ನು ಬ್ರಷ್‌ನಿಂದ ಗುಡಿಸಿ, ಮತ್ತೆ ಕೂರಿಸಿದರೆ ಕೆಲವಕ್ಕೆ ಜೀವ ಬರುತ್ತದೆ. ಜೀವ ಬಾರದವಕ್ಕೆ ಹೊಸದು ಹಾಕಲೇಬೇಕು. ಬೇರೆ ಉಪಾಯ ಇಲ್ಲ.

2025ರ ಮೊದಲ ಅರ್ಧದಲ್ಲಿ 8 ಜಿಬಿಯ ಡಿಡಿಆರ್4 (ಹಿಂದಿನ ಪೀಳಿಗೆಯ) ಕಾರ್ಡ್ ಒಂದನ್ನು ನಾನು 2,000 ರೂಪಾಯಿಯೊಳಗೆ ಹಾಕಿಕೊಡುತ್ತಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಅಂಥದ್ದೇ ಕಾರ್ಡಿಗೆ ನನ್ನ ಖರೀದಿ ದರವೇ 5,000 ದಾಟಿತು. ಮಾಲು ತರಿಸುವುದು ಮೈಸೂರಿನಿಂದ, ಅಲ್ಲಿಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಮೊದಲು ವಾರಕ್ಕೊಮ್ಮೆ ವಾಟ್ಸ್‌ಆಪ್‌ನಲ್ಲಿ ದರಪಟ್ಟಿ ಬರುತ್ತಿತ್ತು. ಆಮೇಲೆ ದಿನಾ ಬರತೊಡಗಿತು. ಈಗ ಪಟ್ಟಿಯಲ್ಲಿ ರ‍್ಯಾಮ್ ಎದುರಿಗೆ ದರವೇ ಇರುವುದಿಲ್ಲ, ‘ಕಾಲ್ ಮಾಡಿ’ ಅಂತ ಇರುತ್ತದೆ. ಕಾಲ್ ಮಾಡಿದರೆ ಹೇಳುವ ದರ ಸಂಜೆವರೆಗೆ ಮಾತ್ರ. ಹೀಗಿರುವಾಗ ಗಿರಾಕಿಗೆ ಕೊಟೇಶನ್ ಕೊಡುವುದು ಹೇಗೆ? ಕೊಡಗಿನಲ್ಲಿ ಅರ್ಧ ವ್ಯಾಪಾರ ‘ಕಾಫಿ ಮಾರಿದ ಮೇಲೆ ಕೊಡ್ತೀನಿ’ ಅನ್ನುವ ಮಾತಿನ ಮೇಲೆ ನಡೆಯುತ್ತದೆ. ಆ ಮಾತಿಗೆ ಒಪ್ಪುವ ಧೈರ್ಯ ಈಗ ನನಗಿಲ್ಲ.

ಇನ್ನೂ ಎರಡು ಸಂಗತಿ ನಿಮ್ಮ ಗಮನಕ್ಕೆ ತರಬೇಕು. ಒಬ್ಬ ಸಗಟು ವ್ಯಾಪಾರಿಗೆ ಪೂರ್ತಿ ದುಡ್ಡು ಮುಂಗಡ ಹಾಕಿ ಆರ್ಡರ್ ಕೊಟ್ಟಿದ್ದೆ. ಹೆಸರು ಇಲ್ಲಿ ಬೇಡ. ಸ್ಟಾಕ್ ಇಲ್ಲ ಅಂತ ದುಡ್ಡು ವಾಪಸ್ ಬಂತು. ಸ್ವಲ್ಪ ದಿನದಲ್ಲೇ ಅದೇ ಬ್ರ್ಯಾಂಡ್, ಅಷ್ಟೇ ಸಾಮರ್ಥ್ಯದ ಕಾರ್ಡ್ ಅವರ ಬಳಿಯೇ ಹೊಸ ದರಕ್ಕೆ ಸಿಗುತ್ತಿತ್ತು. ಇನ್ನೊಬ್ಬರು ರ‍್ಯಾಮ್ ಒಂದನ್ನೇ ಕೊಡುವುದಿಲ್ಲ, ಮದರ್‌ಬೋರ್ಡ್ ಜೊತೆ ತೆಗೆದುಕೊಂಡರೆ ಮಾತ್ರ ಅಂದರು. ನನಗೆ ಬೇಕಿದ್ದದ್ದು ಒಂದು ತೋಟದ ಆಫೀಸಿನ ಹಳೇ ಡೆಸ್ಕ್‌ಟಾಪಿಗೆ. ಅದರ ಮದರ್‌ಬೋರ್ಡ್ ಗಟ್ಟಿಮುಟ್ಟಾಗೇ ಇತ್ತು. ಬೇಡದ ವಸ್ತುವನ್ನು ಬೇಕಾದ ವಸ್ತುವಿನ ಬಾಲಕ್ಕೆ ಕಟ್ಟಿ ಮಾರುವುದನ್ನು ನಿಮ್ಮ ಸ್ಪರ್ಧಾ ಕಾಯ್ದೆಯ 3(4)ನೇ ಕಲಮೇ ಪ್ರಶ್ನಿಸುತ್ತದೆ ಅಲ್ವಾ?

ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರೊಬ್ಬರ ಮಗಳು, ಬಿಸಿಎ ಓದುವ ಹುಡುಗಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದಳು. 4 ಜಿಬಿ ಇತ್ತು. ಬ್ರೌಸರ್ ತೆರೆದರೆ ಕೋಡ್ ಬರೆಯುವ ಸಾಫ್ಟ್‌ವೇರ್ ನಿಂತುಬಿಡುತ್ತಿತ್ತು. ನಾನು ದರ ಹೇಳಿದೆ. ಅವರು ಲ್ಯಾಪ್‌ಟಾಪಿಗೆ ಕೊಟ್ಟ ದುಡ್ಡಿನ ಹತ್ತಿರ ಹತ್ತಿರ ಬಂತು. ಸರಿ ಸಾರ್ ಅಂತ ಬ್ಯಾಗಿಗೆ ಹಾಕಿಕೊಂಡು ಹೋದಳು. ನನ್ನ ಲಾಭ ಬಿಟ್ಟುಕೊಟ್ಟಿದ್ದರೂ ಅವಳಿಗೆ ಎಟಕುತ್ತಿರಲಿಲ್ಲ.

ಇದಕ್ಕೆ ಕಂಪನಿಗಳು ಹೇಳುವ ಕಾರಣ ನನಗೆ ಗೊತ್ತು. ಅದರಲ್ಲಿ ನಿಜವೂ ಇದೆ. ಎಐ ಸರ್ವರ್‌ಗಳಿಗೆ ಎಚ್‌ಬಿಎಂ ಅನ್ನುವ ಬೇರೆ ಬಗೆಯ ಮೆಮೊರಿ ಬೇಕು. ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿ ಮಾಡುವ ಅದಕ್ಕೆ ಈಗಿನ ಸಾಮಾನ್ಯ ರ‍್ಯಾಮ್ ಆದ ಡಿಡಿಆರ್5ಗಿಂತ ಸುಮಾರು 3 ಪಟ್ಟು ಸಿಲಿಕಾನ್ ಹಿಡಿಯುತ್ತದೆ. ಲಾಭ ಅದರಲ್ಲೇ ಜಾಸ್ತಿ, ಹಾಗಾಗಿ ಕಾರ್ಖಾನೆಗಳು ಆ ಕಡೆ ತಿರುಗಿವೆ. ಹೊಸ ಕಾರ್ಖಾನೆ ಕಟ್ಟಿ ಮಾಲು ತೆಗೆಯಲು ವರ್ಷಗಟ್ಟಲೆ ಬೇಕು. 2023ರಲ್ಲಿ ಬೆಲೆ ಪಾತಾಳಕ್ಕೆ ಬಿದ್ದು ಇದೇ ಕಂಪನಿಗಳು ದೊಡ್ಡ ನಷ್ಟ ಅನುಭವಿಸಿದ್ದೂ ಸುಳ್ಳಲ್ಲ. ಆದ್ದರಿಂದ ಕೊರತೆಯೇ ನಾಟಕ ಅಂತ ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಕೊರತೆ ಇರುವಾಗ ಎಷ್ಟು ಮಾಲು ಬಿಡಬೇಕು, ಯಾವ ದರಕ್ಕೆ ಬಿಡಬೇಕು ಅನ್ನುವುದನ್ನು ಪ್ರತಿ ಕಂಪನಿಯೂ ತಾನೇ ಕೂತು ಯೋಚಿಸುತ್ತಿದೆಯೋ, ಎಲ್ಲರೂ ಕೂಡಿ ಯೋಚಿಸುತ್ತಿದ್ದಾರೋ?

ಈ ಅನುಮಾನ ಸುಮ್ನೆ ಬಂದದ್ದಲ್ಲ. ಈ ಕ್ಷೇತ್ರ ಒಮ್ಮೆ ಸಿಕ್ಕಿಬಿದ್ದಿದೆ. ರ‍್ಯಾಮ್ ಕಾರ್ಡಿನ ಮೇಲೆ ಕೂರುವ ಡಿರ‍್ಯಾಮ್ ಚಿಪ್‌ಗಳ ದರವನ್ನು ತಯಾರಕರು 1990ರ ದಶಕದ ಕೊನೆಯಿಂದ 2002ರವರೆಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ನಿಗದಿ ಮಾಡುತ್ತಿದ್ದರು. ಡೆಲ್, ಆಪಲ್, ಐಬಿಎಂ, ಎಚ್‌ಪಿಯಂಥ ದೊಡ್ಡ ಗಿರಾಕಿಗಳೇ ಅದಕ್ಕೆ ಬಲಿಯಾಗಿದ್ದರು. ಅಷ್ಟು ದೊಡ್ಡವರಿಗೇ ಹಾಗಾದರೆ ಗೋಣಿಕೊಪ್ಪಲಿನ ರಿಪೇರಿಯವನ ಪಾಡು ಕೇಳಬೇಕೇ? 2002ರಲ್ಲಿ ಅಮೆರಿಕದ ನ್ಯಾಯ ಇಲಾಖೆ ತನಿಖೆ ಶುರುಮಾಡಿತು. ಜರ್ಮನಿಯ ಚಿಪ್ ಕಂಪನಿ ಇನ್ಫಿನಿಯಾನ್ 2004ರಲ್ಲಿ ತಪ್ಪೊಪ್ಪಿಕೊಂಡು 16 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. 2005ರಲ್ಲಿ ಕೊರಿಯಾದ ಹೈನಿಕ್ಸ್‌ಗೆ 18.5 ಕೋಟಿ, ಸ್ಯಾಮ್‌ಸಂಗ್‌ಗೆ 30 ಕೋಟಿ. 2006ರಲ್ಲಿ ಜಪಾನಿನ ಎಲ್ಪಿಡಾಗೆ 8.4 ಕೋಟಿ. ಕೆಲವು ಅಧಿಕಾರಿಗಳು ಜೈಲಿಗೂ ಹೋದರು. ಅಮೆರಿಕದ ಮೈಕ್ರಾನ್ ತಾನಾಗಿ ಸಹಕರಿಸಿ ಮಾಫಿ ಪಡೆಯಿತು. 2010ರ ಮೇ ತಿಂಗಳಲ್ಲಿ ಯುರೋಪಿಯನ್ ಆಯೋಗವೂ ಈ ಕಾರ್ಟೆಲ್‌ಗೆ, ಅಂದರೆ ಸೇರಿ ಬೆಲೆ ನಿಗದಿ ಮಾಡುವ ಕೂಟಕ್ಕೆ, ಒಟ್ಟು 33.1 ಕೋಟಿ ಯೂರೋ ದಂಡ ಹಾಕಿತು. ಅಲ್ಲಿಯೂ ಮೊದಲು ಬಾಯಿಬಿಟ್ಟ ಮೈಕ್ರಾನ್‌ಗೆ ದಂಡ ಬೀಳಲಿಲ್ಲ. ಇದು ಆರೋಪ ಅಲ್ಲ, ಕಂಪನಿಗಳೇ ಒಪ್ಪಿಕೊಂಡ ವಿಷಯ.

ಅಮೆರಿಕದಲ್ಲಿ ಆಮೇಲೆ ಸಾಮಾನ್ಯ ಗ್ರಾಹಕರಿಗೂ ಪರಿಹಾರ ಸಿಕ್ಕಿತು. 31 ಕೋಟಿ ಡಾಲರಿನ ಒಪ್ಪಂದ ಆಗಿ, ಆ ಕಾಲದಲ್ಲಿ ಕಂಪ್ಯೂಟರ್ ಕೊಂಡವರು ಅರ್ಜಿ ಹಾಕಿ ದುಡ್ಡು ಪಡೆದರು. ಅದೇ ಚಿಪ್ ಹಾಕಿದ ಕಂಪ್ಯೂಟರ್ ಕೊಂಡ ಭಾರತದವರಿಗೆ ಅದರಲ್ಲಿ ಪಾಲಿರಲಿಲ್ಲ. ನಮ್ಮ ಸ್ಪರ್ಧಾ ಕಾಯ್ದೆ 2002ರದ್ದೇ ಆದರೂ ಕಾರ್ಟೆಲ್ ತಡೆಯುವ ಕಲಮುಗಳು ಜಾರಿಗೆ ಬಂದದ್ದು 2009ರ ಮೇ 20ರಂದು. ಅಂದರೆ ಆಗ ನಿಮ್ಮ ಕೈ ಕಟ್ಟಿತ್ತು. ನಾವು ದೂರುವಂತಿಲ್ಲ.

ಈಗ ಕೈ ಕಟ್ಟಿಲ್ಲ. ನಾನು ಕಾನೂನು ಓದಿದವನಲ್ಲ, ಕಾಯ್ದೆಯನ್ನು ಇಳಿಸಿಕೊಂಡು ಅಂಗಡಿಯಲ್ಲಿ ಕೂತು ಓದಿದೆ. ಒಂದೊಂದು ವಾಕ್ಯ ಅರ್ಧ ಪುಟ, ಅದಿರಲಿ. ಒಪ್ಪಂದ ಅಂದರೆ ಕಾಗದದಲ್ಲಿ ಬರೆದಿರಲೇಬೇಕು ಅಂತಿಲ್ಲ, ಒಳಗೊಳಗಿನ ಹೊಂದಾಣಿಕೆಯೂ ಒಪ್ಪಂದವೇ ಅಂತ ಅದರಲ್ಲಿದೆ. ಪೈಪೋಟಿಯಲ್ಲಿರುವವರು ಸೇರಿ ಬೆಲೆ ನಿಗದಿ ಮಾಡಿದರೆ ಅದರಿಂದ ಮಾರುಕಟ್ಟೆಗೆ ಹಾನಿಯಾಗಿದೆ ಎಂದೇ ಭಾವಿಸಬೇಕು ಅಂತ 3(3)ರಲ್ಲಿದೆ. ವ್ಯವಹಾರ ಹೊರದೇಶದಲ್ಲಿ ನಡೆದರೂ ಪೆಟ್ಟು ಇಲ್ಲಿ ಬಿದ್ದರೆ ನೀವು ವಿಚಾರಿಸಬಹುದು ಅಂತ 32ನೇ ಕಲಮು ಹೇಳುತ್ತದೆ. ದೂರು ಬರುವವರೆಗೆ ಕಾಯಬೇಕಿಲ್ಲ, ಆಯೋಗವೇ ಮುಂದಾಗಬಹುದು. 2023ರ ತಿದ್ದುಪಡಿ ಆದ ಮೇಲೆ ದಂಡ ಲೆಕ್ಕ ಹಾಕುವಾಗ ಕಂಪನಿಯ ಜಾಗತಿಕ ವಹಿವಾಟನ್ನೂ ಹಿಡಿಯಬಹುದು.

ನೀವು ಈ ಅಧಿಕಾರ ಬಳಸಿದ್ದನ್ನೂ ನೋಡಿದ್ದೇವೆ. 2018ರ ಏಪ್ರಿಲ್‌ನಲ್ಲಿ ಟಾರ್ಚ್ ಸೆಲ್ ಕಂಪನಿಗಳ ಪ್ರಕರಣದಲ್ಲಿ ಎವರೆಡಿಗೆ 171.55 ಕೋಟಿ ರೂಪಾಯಿ, ನಿಪ್ಪೋ ಸೆಲ್ ಮಾಡುವ ಇಂಡೋ ನ್ಯಾಷನಲ್‌ಗೆ 42.26 ಕೋಟಿ ದಂಡ ಹಾಕಿದಿರಿ. ವಿಷಯ ತಂದುಕೊಟ್ಟ ಪ್ಯಾನಾಸೋನಿಕ್‌ಗೆ ದಂಡ ಮನ್ನಾ ಮಾಡಿದಿರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ವಾರಗಟ್ಟಲೆ ಬಾರದ ಊರಿನವರು ನಾವು. ಆ ಸೆಲ್‌ಗಳನ್ನು ನಮ್ಮಷ್ಟು ಕೊಂಡವರು ಕಡಿಮೆ ಇರಬೇಕು! 2022ರ ಜನವರಿಯಲ್ಲಿ ಕಾರು ಸಾಗಿಸುವ ಜಪಾನಿನ ಹಡಗು ಕಂಪನಿಗಳ ಮೇಲೂ ಆದೇಶ ಕೊಟ್ಟಿರಿ. ಹಾಗಾಗಿ ‘ವಿದೇಶಿ ಕಂಪನಿ, ನಮ್ಮ ಕೈಗೆ ಸಿಗುವುದಿಲ್ಲ’ ಅನ್ನುವ ಮಾತು ನಿಮ್ಮಿಂದ ಬರಲಿಕ್ಕಿಲ್ಲ.

2018ರಲ್ಲಿ ಮತ್ತೊಮ್ಮೆ ಇದೇ ಅನುಮಾನ ಎದ್ದಿತ್ತು. ಹಿಂದಿನ ಎರಡು ವರ್ಷ ಡಿರ‍್ಯಾಮ್ ಬೆಲೆ ವಿಪರೀತ ಏರಿತ್ತು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ (ಹಳೇ ಹೈನಿಕ್ಸ್), ಮೈಕ್ರಾನ್ ಮೂವರೂ ಕೂಡಿ ಉತ್ಪಾದನೆಗೆ ಕಡಿವಾಣ ಹಾಕಿದ್ದಾರೆ ಅಂತ ಅಮೆರಿಕದ ಗ್ರಾಹಕರು ಮೊಕದ್ದಮೆ ಹೂಡಿದರು. ಚೀನಾದ ನಿಯಂತ್ರಕರೂ ಆ ವರ್ಷವೇ ಈ ಮೂವರ ಕಚೇರಿಗಳಿಗೆ ಹೋಗಿ ತನಿಖೆ ಶುರುಮಾಡಿದರು. ಅಮೆರಿಕದ ಮೊಕದ್ದಮೆ ನಿಲ್ಲಲಿಲ್ಲ. ಒಬ್ಬರ ನಡೆ ನೋಡಿ ಇನ್ನೊಬ್ಬರು ಹಾಗೆ ಮಾಡಿರಬಹುದು, ಒಳ ಒಪ್ಪಂದ ಇತ್ತು ಅನ್ನಲು ದೂರಿನಲ್ಲಿ ಸಾಕಷ್ಟು ಆಧಾರ ಇಲ್ಲ ಅಂತ ಕೆಳಗಿನ ಕೋರ್ಟ್ ವಜಾ ಮಾಡಿತು. 2022ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಎದುರಿನ ಅಂಗಡಿಯವ ದರ ಏರಿಸಿದ್ದು ನೋಡಿ ನಾನೂ ಏರಿಸಿದರೆ ಅದು ಅಪರಾಧ ಅಲ್ಲ. ಆದರೆ ಮೊಕದ್ದಮೆ ಬಿದ್ದದ್ದು ಯಾವ ಹಂತದಲ್ಲಿ ಅನ್ನುವುದನ್ನು ಗಮನಿಸಿ. ಕಂಪನಿಗಳ ಒಳಗಿನ ಕಾಗದ, ಇಮೇಲ್ ಎಲ್ಲ ಪರೀಕ್ಷೆಯಾಗಿ ಏನೂ ಇಲ್ಲ ಅಂತ ತೀರ್ಮಾನ ಆದದ್ದಲ್ಲ. ವಿಚಾರಣೆ ಅಲ್ಲಿಗೆ ತಲುಪಲೇ ಇಲ್ಲ. ಹೊರಗೆ ನಿಂತ ಗ್ರಾಹಕನಿಗೆ ಕಾಣುವುದು ಬೆಲೆ ಮಾತ್ರ. ಬೆಲೆಯ ಹಿಂದಿನ ಮಾತುಕತೆ ಕಾಣಬೇಕಾದರೆ ಕಡತ ತೆರೆಸುವ ಅಧಿಕಾರ ಇರುವವರು ಬೇಕು. ಹಳೇ ಪ್ರಕರಣದಲ್ಲೂ ಸತ್ಯ ಹೊರಬಂದದ್ದು ಸರ್ಕಾರ ಕೈಹಾಕಿ, ಒಳಗಿನವರೇ ಬಾಯಿಬಿಟ್ಟಾಗ. ನಮ್ಮ ದೇಶದಲ್ಲಿ ಆ ಅಧಿಕಾರ ಇರುವುದು ನಿಮಗೆ, ತನಿಖೆ ಮಾಡುವ ನಿಮ್ಮ ಮಹಾನಿರ್ದೇಶಕರಿಗೆ. ನನ್ನ ಇಡೀ ಪತ್ರದ ತಿರುಳು ಇಷ್ಟೇ.

ಕಾಫಿ ಬೆಳೆಯುವವರಿಗೆ ಈ ಮಾತು ಬೇಗ ಅರ್ಥ ಆಗುತ್ತದೆ. ಇಲ್ಲಿ ಬೆಳಿಗ್ಗೆ ಎದ್ದು ಯಾವ ಕಾಫಿ ವ್ಯಾಪಾರಿಗೆ ಫೋನ್ ಮಾಡಿದರೂ ರೊಬಸ್ಟಾ ಚೆರಿಯ ಮೂಟೆಗೆ ಹೆಚ್ಚುಕಮ್ಮಿ ಒಂದೇ ದರ ಹೇಳುತ್ತಾರೆ. ಬೆಳೆಗಾರ ಬೈದುಕೊಳ್ಳುತ್ತಾನೆ, ಇವರೆಲ್ಲ ಒಂದೇ ಅನ್ನುತ್ತಾನೆ. ಆದರೂ ಅವನ ಕೈಯಲ್ಲಿ ಒಂದು ಅಳತೆಗೋಲು ಇದೆ. ರೊಬಸ್ಟಾಗೆ ಲಂಡನ್ ಮಾರುಕಟ್ಟೆ, ಅರೇಬಿಕಾಗೆ ನ್ಯೂಯಾರ್ಕ್. ನಿನ್ನೆ ರಾತ್ರಿ ಎಷ್ಟಕ್ಕೆ ಮುಗಿಯಿತು ಅಂತ ಮೊಬೈಲಿನಲ್ಲೇ ನೋಡಿ, ಡಾಲರ್ ಲೆಕ್ಕ ಹಾಕಿ, ಔಟ್‌ಟರ್ನ್, ಅಂದರೆ ಒಣ ಚೆರಿಯಿಂದ ಸಿಗುವ ಬೀಜದ ತೂಕ, ಲೆಕ್ಕಕ್ಕೆ ಹಿಡಿದು, ವ್ಯಾಪಾರಿ ಎಷ್ಟು ನುಂಗುತ್ತಿದ್ದಾನೆ ಅಂತ ಅಂದಾಜು ಮಾಡಬಹುದು. ಅಮ್ಮತ್ತಿಯ ಬೆಳೆಗಾರನೂ ಜಗಳ ಆಡಬಹುದು, ಸಿದ್ದಾಪುರದವನೂ ಆಡಬಹುದು. ಮೆಮೊರಿ ಚಿಪ್‌ಗೆ ಅಂಥ ಬಹಿರಂಗ ಪೇಟೆ ಇಲ್ಲ. ಬಹುಪಾಲು ಮಾಲು ತಯಾರಕರಿಗೂ ದೊಡ್ಡ ಗಿರಾಕಿಗಳಿಗೂ ನಡುವೆ ಗುಟ್ಟಾಗಿ ಆಗುವ ಕರಾರಿನ ದರಕ್ಕೆ ಹೋಗುತ್ತದೆ. ಸಂಶೋಧನಾ ಸಂಸ್ಥೆಗಳು ಅಂದಾಜು ಪ್ರಕಟಿಸುತ್ತವೆ, ಅಷ್ಟೇ. ನಮಗೆ ಬರುವುದು ಎಸ್.ಪಿ. ರಸ್ತೆಯ ವಾಟ್ಸ್‌ಆಪ್. ಅದನ್ನು ಯಾವುದಕ್ಕೆ ಹೋಲಿಸಿ ಜಗಳ ಆಡಲಿ?

ಮಾರುವವರ ಸಂಖ್ಯೆಯೂ ಕುಗ್ಗಿದೆ. ಇನ್ಫಿನಿಯಾನ್‌ನಿಂದ ಬೇರೆಯಾದ ಕಿಮೊಂಡಾ 2009ರಲ್ಲಿ ದಿವಾಳಿಯಾಯಿತು. ಎಲ್ಪಿಡಾ 2012ರಲ್ಲಿ ದಿವಾಳಿ ಎದ್ದು, ಮರುವರ್ಷ ಮೈಕ್ರಾನ್ ಪಾಲಾಯಿತು. ಈಗ ಜಗತ್ತಿನ ಡಿರ‍್ಯಾಮ್‌ನಲ್ಲಿ ಬಹುಪಾಲು ಬರುವುದು ಮೂರೇ ಕಂಪನಿಗಳಿಂದ. ಅಂದು ಅಷ್ಟು ಜನ ಇದ್ದಾಗಲೇ ಮಾತಾಡಿಕೊಳ್ಳಲು ಸಾಧ್ಯವಾಗಿತ್ತು. ಮೂವರಿಗೆ ಎಷ್ಟು ಸುಲಭ ಅಂತ ನಾನು ಹೇಳಬೇಕಿಲ್ಲ. ಸುಲಭ ಅಂದ ಮಾತ್ರಕ್ಕೆ ಮಾಡಿದ್ದಾರೆ ಅಂತಲ್ಲ. ನೋಡುವವರು ಒಬ್ಬರು ಇರಬೇಕು ಅಂತ.

ಆ ಮೂವರಲ್ಲಿ ಒಬ್ಬರು ನಮ್ಮ ಮನೆಯೊಳಗೇ ಇದ್ದಾರೆ. ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಕಟ್ಟಿದ ಜೋಡಣೆ ಮತ್ತು ಪರೀಕ್ಷಾ ಘಟಕದ ವೆಚ್ಚ 275 ಕೋಟಿ ಡಾಲರ್ ಅಂತ 2023ರಲ್ಲಿ ಘೋಷಣೆ ಆಯಿತು. ಅದರಲ್ಲಿ ಕೇಂದ್ರ ಸರ್ಕಾರದ ನೆರವು ಶೇ 50, ಗುಜರಾತ್ ಸರ್ಕಾರದ್ದು ಶೇ 20. ಕಾರ್ಖಾನೆ ಬಂದದ್ದು ಒಳ್ಳೆಯದೇ, ಕೆಲಸ ಸಿಗುತ್ತದೆ. ಆದರೆ 2025ರ ಡಿಸೆಂಬರ್ 3ರಂದು ಅದೇ ಕಂಪನಿ, ನಮ್ಮಂಥ ಅಂಗಡಿಗಳಿಗೆ ಮಾಲು ಬರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಎಐ ಗಿರಾಕಿಗಳಿಗೆ ಆದ್ಯತೆಯಂತೆ. ನಾನು ಅದೆಷ್ಟೋ ಯಂತ್ರಗಳಿಗೆ ಕಣ್ಣುಮುಚ್ಚಿ ಹಾಕಿದ ಬ್ರ್ಯಾಂಡ್ ಅದು. ಬ್ರ್ಯಾಂಡ್ ಮುಚ್ಚುವುದು ಕಂಪನಿಯ ಹಕ್ಕು, ಒಪ್ಪುತ್ತೇನೆ. ಖರ್ಚಿನ ಶೇ 70ರಷ್ಟನ್ನು ಕೊಟ್ಟ ದೇಶಕ್ಕೆ ನಾಲ್ಕು ಪ್ರಶ್ನೆ ಕೇಳುವ ಹಕ್ಕೂ ಇರಬೇಕಲ್ಲ?

ಆದ್ದರಿಂದ ಆಯೋಗವನ್ನು ಕೇಳಿಕೊಳ್ಳುವುದು ಇಷ್ಟು. 2025ರಿಂದ ಈಚೆಗೆ ಈ ಮೂರು ಕಂಪನಿಗಳು ಭಾರತದ ಖರೀದಿದಾರರಿಗೆ ಕೊಟ್ಟ ಕರಾರಿನ ದರ, ಮಾಲು ಹಂಚಿಕೆ, ಡಿಡಿಆರ್4 ತಯಾರಿಕೆ ನಿಲ್ಲಿಸುವ ತೀರ್ಮಾನ, ಇವುಗಳ ಕಡತ ತರಿಸಿ ನೋಡಿ. ಮೇಲ್ನೋಟಕ್ಕೆ ಅನುಮಾನಕ್ಕೆ ಆಸ್ಪದ ಕಂಡರೆ 26ನೇ ಕಲಮಿನ ಪ್ರಕಾರ ತನಿಖೆಗೆ ಒಪ್ಪಿಸಿ. ಅಷ್ಟು ದೂರ ಹೋಗಲು ಸದ್ಯಕ್ಕೆ ಆಧಾರ ಸಾಲದು ಅನಿಸಿದರೆ ಕೊನೇಪಕ್ಷ ಮೆಮೊರಿ ಮಾರುಕಟ್ಟೆಯ ಅಧ್ಯಯನ ಮಾಡಿಸಿ. 2025ರ ಅಕ್ಟೋಬರ್‌ನಲ್ಲಿ ಎಐ ಮತ್ತು ಸ್ಪರ್ಧೆಯ ಬಗ್ಗೆ ಅಧ್ಯಯನ ವರದಿ ತಂದವರು ನೀವೇ. ಆ ಎಐ ತಿನ್ನುತ್ತಿರುವ ಚಿಪ್‌ನ ಬಗ್ಗೆಯೂ ಒಂದು ವರದಿ ಬರಲಿ.

ದೇಶದೊಳಗಿನ ವಿತರಕರನ್ನು ಬಿಡಬೇಡಿ. ದುಬಾರಿಯಲ್ಲಿ ಎಷ್ಟು ಪಾಲು ಕೊರಿಯಾದಲ್ಲಿ ಹುಟ್ಟಿತು, ಎಷ್ಟು ಪಾಲು ಬೆಂಗಳೂರಿನ ಗೋದಾಮಿನಲ್ಲಿ ಹುಟ್ಟಿತು ಅನ್ನುವುದು ಗೊತ್ತಾಗಬೇಕು. ದುಡ್ಡು ಪಡೆದು ಆರ್ಡರ್ ರದ್ದು ಮಾಡುವುದು, ಮದರ್‌ಬೋರ್ಡ್ ಕಟ್ಟಿ ಮಾರುವುದು ನನ್ನೊಬ್ಬನಿಗೆ ಆದದ್ದಲ್ಲ, ಮಡಿಕೇರಿ, ಕುಶಾಲನಗರದ ಗೆಳೆಯರೂ ಇದನ್ನೇ ಹೇಳುತ್ತಾರೆ.

ತಡ ಮಾಡಬೇಡಿ ಅನ್ನಲೂ ಕಾರಣವಿದೆ. ತಿದ್ದುಪಡಿ ಆದ ಮೇಲೆ ನಮ್ಮಂಥವರು ದೂರು ಕೊಡಲು 3 ವರ್ಷದ ಗಡುವು ಬಂದಿದೆ. ದೂರಿಗೆ ಶುಲ್ಕ, ವಕೀಲರು, ದೆಹಲಿಯ ಓಡಾಟ, ಇದೆಲ್ಲ ಸಣ್ಣ ಅಂಗಡಿಯವನಿಂದ ಆಗುವ ಕೆಲಸ ಅಲ್ಲ. ವಿಚಾರಣೆ ಶುರುವಾದರೆ ಮಾಹಿತಿ ಕೊಡುವವರಿಗಾಗಿ ಒಂದು ಪ್ರಕಟಣೆಯನ್ನು ಕನ್ನಡದಲ್ಲೂ ಹೊರಡಿಸಿ, ಬಿಲ್ ಮತ್ತು ಮೆಸೇಜ್‌ಗಳ ಪ್ರತಿಯನ್ನು ಇಮೇಲ್‌ನಲ್ಲಿ ಕಳಿಸಲು ಅವಕಾಶ ಕೊಡಿ. ಇದನ್ನು ಓದುವ ರಿಪೇರಿ ಅಂಗಡಿಯವರಲ್ಲೂ ಒಂದು ಕೋರಿಕೆ: ಹಳೇ ಬಿಲ್ಲು, ದರಪಟ್ಟಿ, ಆರ್ಡರ್ ರದ್ದಾದ ಮೆಸೇಜ್ ಯಾವುದನ್ನೂ ಅಳಿಸಬೇಡಿ.

ವಿಚಾರಿಸಿ ನೋಡಿದ ಮೇಲೆ ಒಳ ಒಪ್ಪಂದ ಏನೂ ಇಲ್ಲ, ಇದು ಬರೀ ಕೊರತೆಯ ದುಬಾರಿ ಅಂತ ತೀರ್ಮಾನವಾದರೆ ಅದನ್ನೂ ಕಾರಣ ಕೊಟ್ಟು ಪ್ರಕಟಿಸಿ. ಅದರ ಪ್ರತಿಯನ್ನು ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ‘ನೀವೇ ಜಾಸ್ತಿ ಹೇಳ್ತಿದ್ದೀರಾ’ ಅಂತ ದಿನಾ ಕೇಳುವ ಗಿರಾಕಿಗಳಿಗೆ ತೋರಿಸಲು ನನಗೂ ಏನಾದರೂ ಬೇಕು.

ನನ್ನ ಖರೀದಿ ಬಿಲ್‌ಗಳು, ಬಂದ ದರಪಟ್ಟಿಗಳು, ರದ್ದಾದ ಆರ್ಡರಿನ ವಿವರ ಎಲ್ಲವೂ ಜೋಪಾನವಾಗಿವೆ. ನೀವು ಕೇಳಿದರೆ ಹೆಸರು ಸಹಿತ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ರಿಪೇರಿ ಅಂಗಡಿಯವ,
ಗೋಣಿಕೊಪ್ಪಲು, ಕೊಡಗು ಜಿಲ್ಲೆ.